ಆರೋಗ್ಯ ವಿಚಾರ: ಮರೆವಿನ ಮೂಲ

ಮನೆಯ ಹಿರಿಯರು ಕನ್ನಡಕವನ್ನು ಎಲ್ಲಿಟ್ಟೆನೆಂಬುದನ್ನು ಮರೆತರೆ ನಕ್ಕು ಸುಮ್ಮನಾಗಬಹುದು. ಉಂಡುದನ್ನೇ, ಮಗನ ಹೆಸರನ್ನೇ ಮರೆಯತೊಡಗಿದರೆ ಅದು ಮುಪ್ಪಿನ ಸಹಜಧರ್ಮವಲ್ಲ, ರೋಗದ ಲಕ್ಷಣ.

ಈ ರೋಗವನ್ನು ಮಿದುಳೊಂದನ್ನೇ ನೋಡಿ ಅರಿಯಲಾಗದು. ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೂ ನಾವು ವಿಶ್ರಮಿಸುತ್ತಿರುವಾಗ ದೇಹಕ್ಕೆ ಬೇಕಾಗುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಸಲ್ಲುವುದು. ಅದನ್ನು ಹೊತ್ತು ತರುವುದು ರಕ್ತ. ರಕ್ತದ ಒತ್ತಡವೂ ಸಕ್ಕರೆಯೂ ಬಹುಕಾಲ ಮಿತಿಮೀರಿದರೆ ಮಿದುಳಿನ ಕಿರುನಾಳಗಳು ಕೆಡುವುವು.

ಆದುದರಿಂದಲೇ, ರಾಜಾಜಿನಗರಕ್ಕೆ ಅನತಿದೂರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಂದು ದೀರ್ಘ ಪರೀಕ್ಷೆಯನ್ನು ಕೈಕೊಂಡಿದೆ. 45 ವರ್ಷ ತುಂಬಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ನೋಡುತ್ತ ಹೋಗುವುದು ಅದರ ಗುರಿ. ಒಬ್ಬರು ರಕ್ತವನ್ನು ಪರೀಕ್ಷಿಸುವರು. ಇನ್ನೊಬ್ಬರು ಮಿದುಳಿನ ಚಿತ್ರ ತೆಗೆಯುವರು. ಮತ್ತೊಬ್ಬರು ನೆನಪಿನ ಶಕ್ತಿಯನ್ನು ಅಳೆಯುವರು. ಇವರೆಲ್ಲರ ಲೆಕ್ಕವೂ ಒಬ್ಬನೇ ಮನುಷ್ಯನ ಮೇಲೆ ಕೂಡಿದಲ್ಲದೆ, ಮೊದಲು ಕೆಟ್ಟುದು ಯಾವುದೆಂಬುದು ತಿಳಿಯದಷ್ಟೆ.

ವಾಚಕರೇ, ಫಲಿತಾಂಶವೆಲ್ಲ ಕೈಸೇರುವವರೆಗೆ ಕಾಯಬೇಕಾಗಿಲ್ಲ. ನಡುವಯಸ್ಸಿನಲ್ಲಿಯೇ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಂಡು ಹತೋಟಿಯಲ್ಲಿಡಿರಿ. ಮರೆಯುವ ಹಿರಿಯರನ್ನು ಗದರಿಸಬೇಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.