ಹೊಸಕೋಟೆಯ ಮೊದಲ ಬಂಡವಾಳ ಕೆರೆ



ಹೊಸಕೋಟೆಯಲ್ಲಿ ಮನೆ ಕಟ್ಟಿ, ಉದ್ಯಮ ತೆರೆಯಿರಿ ಎಂದು ಕರೆಯುವ ಬರಹಗಳು, ಜಾಹೀರಾತುಗಳು ಈಚೆಗೆ ಹೆಚ್ಚಿವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಪಾಠ ಒಪ್ಪಿಸುತ್ತವೆ. ಬೆಂಗಳೂರು ಸುಮಾರು 25 ಕಿ.ಮೀ., ಹಳೇ ಮದ್ರಾಸ್ ರಸ್ತೆ ಊರಿಗೆ ತಾಗಿಕೊಂಡೇ ಇದೆ, ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೇ ಇಲ್ಲಿಂದ, ದಾಬಸ್‌ಪೇಟೆ-ದೊಡ್ಡಬಳ್ಳಾಪುರದ ಕಡೆಯಿಂದ ಬರುವ ಹೊಸ ವರ್ತುಲ ರಸ್ತೆ ಇಲ್ಲಿಗೆ ಮುಟ್ಟಿದೆ, 2023ರಲ್ಲಿ ಮೆಟ್ರೊ ವೈಟ್‌ಫೀಲ್ಡ್‌ವರೆಗೆ ಬಂತು. ಇದರಲ್ಲಿ ಸುಳ್ಳೇನೂ ಇಲ್ಲ. 1998ರಿಂದ ವೋಲ್ವೊ ಲಾರಿಗಳು ತಯಾರಾಗುತ್ತಿರುವುದು ಈ ತಾಲ್ಲೂಕಿನಲ್ಲೇ. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ನರಸಾಪುರದ ಕಾರ್ಖಾನೆಗಳು, ಹಿಂದೆ ಬಂದರೆ ವೈಟ್‌ಫೀಲ್ಡಿನ ಕಚೇರಿಗಳು. ಎರಡೂ ಕಡೆ ದುಡಿಯುವವರಿಗೆ ನಡುವೆ ಒಂದು ಊರು ಬೇಕೇಬೇಕು. ನನ್ನ ತಕರಾರು ಈ ಪಟ್ಟಿಯಲ್ಲಿ ಕೆರೆಗೆ ಸಿಕ್ಕಿರುವ ಜಾಗದ ಬಗ್ಗೆ. ಅದು ಕೊಟ್ಟಕೊನೆಗೆ, ‘ಲೇಕ್ ವ್ಯೂ’ ಎಂಬ ವೇಷದಲ್ಲಿ, ಚದರಡಿಗೆ ಇನ್ನೊಂದಿಷ್ಟು ದರ ಏರಿಸುವುದಕ್ಕಾಗಿ ಬರುತ್ತದೆ. ಊರಿನ ಉಳಿದ ಅನುಕೂಲಗಳೆಲ್ಲ ನಿಂತಿರುವುದು ಆ ಕೆರೆಯ ಮೇಲೆ ಎಂಬುದನ್ನು ಯೋಜನೆ ಮಾಡುವವರೂ ಮರೆತಂತಿದೆ.

ಬ್ರಿಟಿಷರ ಕಾಲದ ಅಧಿಕಾರಿ ರೈಸ್ ಅವರ ಮೈಸೂರು ಗೆಜೆಟಿಯರ್ ಪ್ರಕಾರ ಸುಗಟೂರಿನ ತಮ್ಮೇಗೌಡ 1595ರ ಸುಮಾರಿಗೆ ಇಲ್ಲಿ ಕೋಟೆ ಕಟ್ಟಿಸಿದ. ದಕ್ಷಿಣ ಪಿನಾಕಿನಿಯ ನೀರು ನಿಲ್ಲಿಸುವ ದೊಡ್ಡ ಕೆರೆಗೆ ಎರಡು ಮೈಲಿ ಉದ್ದದ ಏರಿ, ತುಂಬಿದಾಗ ಹತ್ತು ಮೈಲಿ ಸುತ್ತಳತೆ ಎಂದೂ ಅದರಲ್ಲಿದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಈ ಹೊಳೆ ವರ್ಷಪೂರ್ತಿ ಹರಿಯುವಂಥದ್ದಲ್ಲ. ಮಳೆ ಬಂದ ನಾಲ್ಕು ದಿನ ಓಡುವ ನೀರನ್ನು ಹಿಡಿದಿಟ್ಟದ್ದರಿಂದಲೇ ಇಲ್ಲಿ ಪೇಟೆ ಬೆಳೆಯಿತು. ಕಾವೇರಿ ಇಲ್ಲಿಂದ ದೂರ. ಅಂತರ್ಜಲದ ಲೆಕ್ಕದಲ್ಲಿ ಹೊಸಕೋಟೆ ತಾಲ್ಲೂಕು ಅತಿಬಳಕೆಯ ಪಟ್ಟಿಯಲ್ಲಿದೆ, ಅಂದರೆ ಮಳೆ ಇಂಗಿಸುವುದಕ್ಕಿಂತ ಹೆಚ್ಚು ನೀರನ್ನು ಬೋರ್‌ವೆಲ್‌ಗಳು ಎಳೆಯುತ್ತಿವೆ. ಇಂಥ ಕಡೆ ಗೋದಾಮು, ಕಾರ್ಖಾನೆ, ಅಪಾರ್ಟ್‌ಮೆಂಟು ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಟ್ಯಾಂಕರ್ ದರದ ಮುಂದೆ. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡಿನ ದೊಡ್ಡ ದೊಡ್ಡ ವಸತಿ ಸಮುಚ್ಚಯಗಳು ಅನುಭವಿಸಿದ್ದು ಇದನ್ನೇ. ರಸ್ತೆಗೆ, ಮೆಟ್ರೊಗೆ ಅಲ್ಲಿ ಕೊರತೆ ಇರಲಿಲ್ಲ.

ಕೆರೆ ಕೆಟ್ಟರೆ ವ್ಯಾಪಾರ ಹೇಗೆ ಕೆಡುತ್ತದೆ ಎಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಉದಾಹರಣೆ ಸಾಕು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಚಿತ್ರಗಳನ್ನು ಜಗತ್ತೇ ನೋಡಿತು, ಅದನ್ನು ಬಿಡೋಣ. 2022ರ ಆಗಸ್ಟ್ 30ರಂದು ನೀರು ಹರಿಯಲು ದಾರಿಯಿಲ್ಲದೆ ಆ ಕೆರೆಗಳ ಕಡೆಯ ಹೊರವರ್ತುಲ ರಸ್ತೆ ಮುಳುಗಿ, ನೌಕರರು ಐದು ಗಂಟೆ ಸಿಕ್ಕಿಕೊಂಡರು. ಅದೊಂದೇ ದಿನ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘ ಆಗಿನ ಮುಖ್ಯಮಂತ್ರಿಗೆ ಬರೆಯಿತು. ಪರಿಸರದವರು ಹೇಳಿದ್ದರೆ ಅಳುಬುರುಕರ ಮಾತೆಂದು ತಳ್ಳಿಹಾಕಬಹುದಿತ್ತು, ಇದು ಉದ್ಯಮದವರೇ ಹಾಕಿದ ಲೆಕ್ಕ. ಕೆ.ಆರ್. ಪುರದಿಂದ ಹೊಸಕೋಟೆಗೆ ಬರುವ ದಾರಿಯಲ್ಲೇ ಎಲೆ ಮಲ್ಲಪ್ಪಶೆಟ್ಟಿ ಕೆರೆ ಸಿಗುತ್ತದೆ. ವೀಳ್ಯದೆಲೆ ವ್ಯಾಪಾರಿಯೊಬ್ಬರು ಸ್ವಂತ ಹಣದಿಂದ ಕಟ್ಟಿಸಿದ ಕೆರೆ ಎಂದು ಅದಕ್ಕೆ ಹೆಸರು. ನಗರದ ಕೊಳಚೆ ಹರಿದು, ಅಂಚಿಗೆ ಕಟ್ಟಡದ ಅವಶೇಷ ಸುರಿದು ಅದು ಏನಾಗಿದೆ ಎಂಬುದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ.

ಕೆರೆ ಸಾಯುವುದು ಅಂಗಳದಲ್ಲಲ್ಲ, ಮೇಲುಗಡೆಯ ಕಾಲುವೆಗಳಲ್ಲಿ. ಪಹಣಿಯಲ್ಲಿ ‘ಬಿ ಖರಾಬು’ ಎಂದು ನಾಲ್ಕೈದು ಗುಂಟೆ ನಮೂದಾಗಿರುತ್ತದೆ. ಸಾಗುವಳಿಗೆ ಬಾರದ, ಯಾರ ಖಾಸಗಿ ಸ್ವತ್ತೂ ಅಲ್ಲದ, ಹಳ್ಳವೋ ಕಾಲುವೆಯೋ ಬಂಡಿದಾರಿಯೋ ಆಗಿದ್ದ ಜಾಗ. ಅಕ್ಕಪಕ್ಕದ ಜಮೀನು ಬಡಾವಣೆಯಾಗುವಾಗ ಹತ್ತು ಅಡಿ ಅಗಲದ ಕಾಲುವೆಗೆ ಎರಡು ಅಡಿಯ ಸಿಮೆಂಟ್ ಪೈಪು ಕೂರಿಸಿ, ಮಣ್ಣು ಮುಚ್ಚಿ, ಮೇಲೆ ‘30 ಅಡಿ ರಸ್ತೆ’ ಎಂದು ಗೆರೆ ಎಳೆಯುತ್ತಾರೆ. ನಿವೇಶನ ಕೊಳ್ಳುವವರು ಖಾತೆ, ಋಣಭಾರ ಪತ್ರ ನೋಡುತ್ತಾರೆಯೇ ಹೊರತು ಗ್ರಾಮನಕ್ಷೆ ತೆರೆಯುವುದಿಲ್ಲ. ಎರಡು ಮಳೆಗಾಲ ಏನೂ ಆಗುವುದಿಲ್ಲ. ಮೂರನೆಯದರಲ್ಲಿ ನೀರು ಹಳೆಯ ದಾರಿ ಹುಡುಕಿಕೊಂಡು ಮನೆಯೊಳಕ್ಕೆ ಬರುತ್ತದೆ, ಕೆಳಗಿನ ಕೆರೆ ಮಾತ್ರ ತುಂಬುವುದಿಲ್ಲ. ಆದ್ದರಿಂದಲೇ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ ಕೆರೆ ಸಂರಕ್ಷಣಾ ತಿದ್ದುಪಡಿ ನನಗೆ ಒಪ್ಪಿಗೆಯಾಗದು. ನೂರು ಎಕರೆ ಮೀರಿದ ಕೆರೆಗೆ 30 ಮೀಟರ್ ಮೀಸಲು ಜಾಗ ಉಳಿಸಿ, ಚಿಕ್ಕವಕ್ಕೆ ಗಾತ್ರಕ್ಕೆ ತಕ್ಕಂತೆ ಕಡಿಮೆ ಮಾಡುವುದು ಅದರ ಆಶಯ. ಕಾಗದದ ಮೇಲೆ ಹೊಸಕೋಟೆಯ ದೊಡ್ಡ ಕೆರೆಗೆ ತೊಂದರೆಯೇ ಇಲ್ಲ. ಅದಕ್ಕೆ ನೀರು ಕಳಿಸುವ ಕಟ್ಟೆ-ಕುಂಟೆಗಳ ಸರಪಣಿ ಕಳಚಿದ ಮೇಲೆ ಆ 30 ಮೀಟರ್ ಕಾಯುವುದು ಏನನ್ನು?

ಕೆರೆ-ಕಾಲುವೆ ಉಳಿಸಬೇಕೆಂಬ ಮಾತಿಗೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ರೈತರದು: ರಾಗಿ, ತರಕಾರಿ ಬೆಳೆದು ಬಸವಳಿದವನ ಜಮೀನಿಗೆ ಈಗ ಬೆಲೆ ಬಂದಿದೆ, ಅಡ್ಡಗಾಲು ಹಾಕಲು ನೀವು ಯಾರು? ಅವರು ಮಾರಬಾರದೆಂದು ಯಾರೂ ಹೇಳುತ್ತಿಲ್ಲ. ಖರಾಬು ಅವರ ಪಾಲಿನದಲ್ಲ, ಅದನ್ನು ಬಿಟ್ಟು ಮಾರಿದರೆ ಕೊಂಡವನಿಗೂ ಅವರಿಗೂ ನಷ್ಟವಿಲ್ಲ. ಕಾಲುವೆ ನುಂಗಿದ ಲಾಭ ಸೇರುವುದು ನಡುವಿನವನ ಜೇಬಿಗೆ. ಎರಡನೆಯದು, ವರ್ಷಗಟ್ಟಲೆ ಬತ್ತಿದ್ದ ಕೆರೆಗಾಗಿ ಇಷ್ಟು ಜಾಗ ಸುಮ್ಮನೆ ಬಿಡಬೇಕೇ ಎಂಬುದು. ಬಯಲುಸೀಮೆಯ ಕೆರೆ ಇರುವುದೇ ಹಾಗೆ, ಬತ್ತುವುದು ಅದರ ಸ್ವಭಾವ. ಬತ್ತಿದ ವರ್ಷಗಳ ಲೆಕ್ಕ ಹಿಡಿದು ಜಾಗ ಕೊಟ್ಟರೆ ತುಂಬಿದ ವರ್ಷದ ನೀರು ಬಸ್ ನಿಲ್ದಾಣದಲ್ಲಿ ನಿಲ್ಲುತ್ತದೆ.

ಮೂರನೆಯ ವಾದ ಹೆಚ್ಚು ಜಾಣತನದ್ದು. ಮಳೆನೀರಿನ ಹಂಗೇಕೆ, 2018ರಿಂದ ಕೋಲಾರದ ಕೆರೆಗಳಿಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಹೋಗುತ್ತಿಲ್ಲವೇ, ಹಾಗೆಯೇ ಇಲ್ಲೂ ಪೈಪಿನಲ್ಲಿ ತರಬಹುದಲ್ಲ ಎಂಬುದು. ಕೋಲಾರದಲ್ಲಿ ಬತ್ತಿದ ಬಾವಿಗಳಿಗೆ ಅದರಿಂದ ಜೀವ ಬಂದದ್ದನ್ನು ಅಲ್ಲಗಳೆಯಲಾಗದು. ಆದರೆ ಎರಡೇ ಹಂತದಲ್ಲಿ ಶುದ್ಧೀಕರಿಸಿದ ಆ ನೀರಿಗೆ ಮೂರನೆಯ ಹಂತ ಬೇಕೆಂಬ ಬೇಡಿಕೆ ಅಲ್ಲಿ ಇನ್ನೂ ತಣಿದಿಲ್ಲ. ಬಂದ ನೀರನ್ನು ಹಿಡಿಯುವುದಕ್ಕೂ ಕೆರೆ, ಕೋಡಿ, ಕಾಲುವೆಗಳೇ ಬೇಕು. ಅದಕ್ಕಿಂತ ಮೊದಲು ಹೊಸಕೋಟೆ ತನ್ನದೇ ಕೊಳಚೆಗೆ ಏನು ಮಾಡುತ್ತಿದೆ ಎಂದು ಕೇಳಬೇಕು. ಹೊಸ ಬಡಾವಣೆಗಳ ಮೋರಿ ಕೆರೆಯ ಕಡೆಗೆ ಮುಖ ಮಾಡಿದರೆ ಇನ್ನೊಂದು ಬೆಳ್ಳಂದೂರನ್ನು ನಾವೇ ಕಟ್ಟಿಕೊಂಡಂತಾಗುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನೋಡಲು ಬೈನಾಕ್ಯುಲರ್ ಹಿಡಿದು ಬರುವವರೂ ಇಲ್ಲಿನ ಬಿರಿಯಾನಿಗೆ ನಸುಕಿನಲ್ಲೇ ಸಾಲು ನಿಲ್ಲುವವರೂ ಆಗ ಮೂಗು ಮುಚ್ಚಿಕೊಂಡು ಬೇರೆ ಊರು ನೋಡಿಕೊಳ್ಳುತ್ತಾರೆ.

ಯೋಜನಾ ಪ್ರಾಧಿಕಾರ ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಕೆರೆಗೆ ನೀರು ತರುವ ಪ್ರತಿ ಕಾಲುವೆಯನ್ನೂ ಸರ್ವೆ ಮಾಡಿಸಿ, ಕಲ್ಲು ನೆಡಿಸಿ, ನಕ್ಷೆಯನ್ನು ಸರ್ವೆ ನಂಬರಿನ ಸಮೇತ ನಗರಸಭೆಯ ಗೋಡೆಗೆ ಅಂಟಿಸಲಿ. ಅಲ್ಲಿಯವರೆಗೆ ಜಲಾನಯನದೊಳಗಿನ ಹೊಸ ವಿನ್ಯಾಸಗಳಿಗೆ ಅನುಮೋದನೆ ತಡೆಯಲಿ. ವಿನ್ಯಾಸಕ್ಕೆ ಕಟ್ಟಿಸಿಕೊಳ್ಳುವ ಶುಲ್ಕದಲ್ಲಿ ಒಂದು ಪಾಲನ್ನು ತೂಬು, ಕೋಡಿಗಳ ದುರಸ್ತಿಗೂ ಹಿಂದೆ ನೀರಗಂಟಿ ಮಾಡುತ್ತಿದ್ದ ಉಸ್ತುವಾರಿಗೂ ಎತ್ತಿಡಲಿ. ಇದರಿಂದ ನಿವೇಶನದ ದರ ಒಂದಿಷ್ಟು ಏರಬಹುದು. ‘ಲೇಕ್ ವ್ಯೂ’ಗೆ ಹೆಚ್ಚು ದುಡ್ಡು ಕೊಡಲು ಸಿದ್ಧರಿರುವವರು ಕೆರೆಯಲ್ಲಿ ನೀರಿರಲಿ ಎಂಬುದಕ್ಕೂ ಕೊಟ್ಟಾರು.

ಇಂತಿ,
ಹೊಸಕೋಟೆಯ ಓದುಗ