ಗ್ಲೌಸ್ ಹಾಕ್ಕೊಂಡು ಬೇಸ್ ಗಿಟಾರ್ ನುಡಿಸಿದ್ರೆ ಏನ್ರೀ ತಪ್ಪು?

ಈ ಕಡೆ ತಲೆ ಹಾಕಿ ತುಂಬಾ ದಿನಗಳಾದವು. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು... ನೆಪಗಳಿಗೇನು ಬರ ಇಲ್ಲ ಬಿಡಿ. ಆದ್ರೆ ಮೊನ್ನೆ ಭಾನುವಾರ ಒಬ್ಬರು ಆಡಿದ ಮಾತು ತಲೆ ಕೊರೀತಾ ಇದೆ. ಬರೆದಾದ್ರೂ ಹಗುರಾಗೋಣ ಅಂತ ಕೂತಿದ್ದೀನಿ.

ನಾವು ನಾಲ್ಕು ಜನ ಗೆಳೆಯರು ಭಾನುವಾರ ಬೆಳಿಗ್ಗೆ ಎರಡು ಗಂಟೆ ಒಂದು ಜ್ಯಾಮ್ ರೂಮ್ ಬಾಡಿಗೆಗೆ ತಗೊಂಡು ಗಲಾಟೆ ಮಾಡ್ತೀವಿ. ನಂದು ಬೇಸ್ ಗಿಟಾರ್. ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ, ಉದ್ದ ಕುತ್ತಿಗೆಯ, ನಾಲ್ಕೇ ದಪ್ಪ ತಂತಿಗಳ ಗಿಟಾರ್ ಅದು. ನುಡಿಸ್ತಾ ಇದ್ರೆ ಯಾರೂ ಗಮನಿಸಲ್ಲ, ನಿಲ್ಲಿಸಿದ್ರೆ ಮಾತ್ರ "ಏನೋ ಖಾಲಿ ಆಯ್ತಲ್ಲ" ಅಂತ ಎಲ್ಲರೂ ತಿರುಗಿ ನೋಡ್ತಾರೆ. ಮನೇಲಿ ಅಮ್ಮನ ಸ್ಥಾನ ಅಂತಿಟ್ಕೊಳ್ಳಿ :-)

ನಾನು ಎಡಗೈಗೆ ತೆಳು ಗ್ಲೌಸ್ ಹಾಕ್ಕೊಂಡು ನುಡಿಸ್ತೀನಿ. ಅವತ್ತು ನಮ್ಮ ಡ್ರಮ್ಮರ್ ಜೊತೆ ಬಂದಿದ್ದ ಹಿರಿಯರೊಬ್ಬರು, ಅವರೂ ಗಿಟಾರ್ ಕಲಿಸೋರೇ, ಅರ್ಧ ಗಂಟೆ ಸುಮ್ನೆ ನೋಡಿದ್ರು. ಆಮೇಲೆ "ಸಾಕ್ಸ್ ಹಾಕ್ಕೊಂಡು ಉರುಳುಸೇವೆ ಮಾಡಿದ ಹಾಗಾಯ್ತು ಕಣಪ್ಪಾ. ಬೆರಳು ಸವೀದೆ ವಿದ್ಯೆ ಹತ್ತಲ್ಲ" ಅಂದ್ರು. ಉರುಳುಸೇವೆಗೂ ಸಾಕ್ಸಿಗೂ ಏನು ಸಂಬಂಧ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಆದ್ರೆ ಎಲ್ಲರೂ ನಕ್ಕರು, ನಾನೂ ನಕ್ಕೆ.

ನಗೋಕೆ ಕಷ್ಟ ಆಯ್ತು ಅನ್ನೋದು ಇಲ್ಲಿ ಬರೆಯೋ ವಿಷಯ.

ನನ್ನ ಅಂಗೈ ಬೆವರುತ್ತೆ. ಬೇಸಿಗೆ ಅಂತಲ್ಲ, ಡಿಸೆಂಬರಿನಲ್ಲೂ, ಎಸಿ ರೂಮಿನಲ್ಲೂ, ತೊಟ್ಟಿಕ್ಕೋ ಹಾಗೆ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಮೇಲೆ ಕರ್ಚೀಫ್ ಹಾಸಿ ಅದರ ಮೇಲೆ ಕೈ ಇಟ್ಟು ಬರೀತಿದ್ದೆ. ಚೀಟಿ ಇಟ್ಟಿದ್ದೀನಿ ಅಂತ ಮೇಲ್ವಿಚಾರಕರು ಮೂರು ಸಲ ಕರ್ಚೀಫ್ ಕೊಡವಿ ನೋಡಿದ್ರು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೈ ಕುಲುಕಿದವರು ಆಮೇಲೆ ಮೇಜಿನ ಕೆಳಗೆ ಕೈ ಒರೆಸಿಕೊಂಡಿದ್ದನ್ನ ಕಂಡೆ. ಡಾಕ್ಟರು ಇದಕ್ಕೆ ಹೈಪರ್‌ಹೈಡ್ರೋಸಿಸ್ ಅಂತ ಹೆಸರು ಹೇಳಿದ್ರು. ಅಲ್ಯುಮಿನಿಯಂ ಕ್ಲೋರೈಡ್ ಇರೋ ಲೋಷನ್ ಕೊಟ್ರು, ಹಚ್ಚಿದ್ರೆ ಉರಿ. ನೀರಲ್ಲಿ ಕೈ ಇಟ್ಟು ಸಣ್ಣ ಕರೆಂಟ್ ಹರಿಸೋ ಚಿಕಿತ್ಸೆ ಇದೆ, ಬೊಟಾಕ್ಸ್ ಇದೆ, ಎದೆಯೊಳಗಿನ ನರ ಕತ್ತರಿಸೋ ಆಪರೇಷನ್ನೂ ಇದೆ. ಆಪರೇಷನ್ ಮಾಡಿಸಿದವರಲ್ಲಿ ಎಷ್ಟೋ ಜನಕ್ಕೆ ಕೈ ಒಣಗಿ ಬೆನ್ನು, ಹೊಟ್ಟೆ ಬೆವರೋಕೆ ಶುರುವಾಗುತ್ತಂತೆ. ಬೇಡಪ್ಪಾ ಅಂತ ಸುಮ್ಮನಾದೆ.

ಇಂಥಾ ಕೈ ಇಟ್ಕೊಂಡು ಬೇಸ್ ಯಾಕೆ ಹಿಡಿದೆ ಅಂದ್ರೆ... ಇಷ್ಟ, ಅಷ್ಟೇ.

ಬೇಸಿನ ತಂತಿ ಸಾಮಾನ್ಯದ್ದಲ್ಲ. ಅತಿ ದಪ್ಪದ್ದು ಒಂದು ಇಂಚಿನ ಹತ್ತನೇ ಒಂದು ಭಾಗದಷ್ಟಿರುತ್ತೆ. ಒಂದೊಂದನ್ನೂ 15-20 ಕಿಲೋ ತೂಕ ನೇತುಹಾಕಿದ ಹಾಗೆ ಬಿಗಿದಿರ್ತಾರೆ, ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನ ಎರಡರಷ್ಟು. ಈಗ ಹೆಚ್ಚಾಗಿ ಬಳಸೋದು ರೌಂಡ್‌ವೌಂಡ್ ತಂತಿ. ಅಂದ್ರೆ ಮೇಲೆ ಉರುಟು ಸರಿಗೆ ಸುತ್ತಿರ್ತಾರೆ, ಮುಟ್ಟಿದ್ರೆ ಸಣ್ಣ ಅರದ ಹಾಗೆ. ಮಾಮೂಲಿ ಬೆರಳಿಗೆ ಮೊದಲು ಬೊಬ್ಬೆ ಬರುತ್ತೆ, ಕೆಲವು ವಾರಗಳಲ್ಲಿ ಜಡ್ಡು ಕಟ್ಟುತ್ತೆ, ಆಮೇಲೆ ನೋವಿಲ್ಲ. ನನ್ನ ಬೆರಳು ಸದಾ ಒದ್ದೆ. ಬಟ್ಟೆ ಒಗೆದು ಎದ್ದ ಕೈ ಹೇಗೆ ಸುಕ್ಕಾಗಿರುತ್ತೆ, ಹಾಗೆ. ಜಡ್ಡು ಕಟ್ಟೋ ಬದಲು ಚರ್ಮ ಸುಲಿದು ಬರ್ತಿತ್ತು. ಮೇಲಾಗಿ ಬೆವರಿನ ಉಪ್ಪು. ಎರಡು ಸಾವಿರ ರೂಪಾಯಿ ಆಸುಪಾಸಿನ ತಂತಿ ಸೆಟ್ಟು ಮೂರೇ ವಾರಕ್ಕೆ ಮಂಕಾಗಿ ಒರಟಾಗ್ತಿತ್ತು. ಆ ಒರಟು ಮತ್ತೆ ಬೆರಳಿಗೇ. ಒಳ್ಳೆ ಇನ್ಫೈನೈಟ್ ಲೂಪು!

ಸೇರಿದ್ದ ಕ್ಲಾಸಿನಲ್ಲಿ ಒಂದು ದಿನ ಗ್ಲೌಸ್ ಹಾಕ್ಕೊಂಡು ಹೋದೆ. "ಅದನ್ನ ತೆಗೆದು ಬಾ, ಇಲ್ಲಾಂದ್ರೆ ಬರಬೇಡ" ಅಂದ್ರು. ಹೋಗಲಿಲ್ಲ. ಬೇಸು ಎಂಟು ತಿಂಗಳು ಬೀರು ಪಕ್ಕ ಕವರಿನೊಳಗೆ ನಿಂತಿತ್ತು. ಪ್ರತಿ ಸಲ ಬೀರು ತೆಗೆಯುವಾಗಲೂ ಅದಕ್ಕೆ ಬೆನ್ನು ಮಾಡಿ ನಿಲ್ತಿದ್ದೆ. ನಗಬೇಡಿ, ನಿಜ.

ಮತ್ತೆ ಹೊರಗೆ ತೆಗೆಸಿದ್ದು ಒಂದು ವಿಡಿಯೋ. ಜಾನ್ ಮೆಕ್‌ಲಾಫ್ಲಿನ್ ಅವರ ಫೋರ್ತ್ ಡೈಮೆನ್ಷನ್ ತಂಡ, ಡ್ರಮ್ಸಿನಲ್ಲಿ ನಮ್ಮ ಮುಂಬೈನ ರಂಜಿತ್ ಬಾರೋಟ್. ಬೇಸ್ ನುಡಿಸ್ತಿದ್ದವರು ಕ್ಯಾಮರೂನ್ ಮೂಲದ ಎತಿಯೆನ್ ಎಂಬಾಪೆ (ಫುಟ್‌ಬಾಲಿನವನಲ್ಲ, ಇವರು ಬೇರೆ). ಕೈಗಳಲ್ಲಿ ಕಪ್ಪು ರೇಷ್ಮೆ ಗ್ಲೌಸು! ಬೆರಳು ಓಡ್ತಾ ಇರೋ ವೇಗಕ್ಕೆ ನಾನು ಬಾಯಿ ಬಿಟ್ಕೊಂಡು ಕೂತೆ. ಆಮೇಲೆ ಹುಡುಕಿದಾಗ ಸಿಕ್ಕವರು ಆನ್‌ಲೈನಿನಲ್ಲಿ ಬೇಸ್ ಕಲಿಸುವ ಇಂಗ್ಲೆಂಡಿನ ಸ್ಕಾಟ್ ಡಿವೈನ್. ಅವರು ಗ್ಲೌಸ್ ಹಾಕೋದು ಫೋಕಲ್ ಡಿಸ್ಟೋನಿಯಾ ಅನ್ನೋ ತೊಂದರೆಯಿಂದ. ಮಿದುಳಿಂದ ಹೋಗೋ ಸಂದೇಶ ಕೆಟ್ಟು, ನುಡಿಸುವಾಗ ಮಾತ್ರ ಬೆರಳು ತಾನಾಗೇ ಮಡಚಿಕೊಳ್ಳುತ್ತೆ. ಚರ್ಮಕ್ಕೆ ಬೇರೆ ಥರದ ಸ್ಪರ್ಶ ಸಿಕ್ಕರೆ ಕೆಲವರಿಗೆ ಅದು ತಗ್ಗುತ್ತೆ.

ಬ್ಲ್ಯಾಕ್ ಸ್ಯಾಬತ್‌ನ ಟೋನಿ ಅಯೋಮಿ ಕಥೆ ನಿಮಗೂ ಗೊತ್ತಿರಬಹುದು. 17ನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಕೆಲಸದ ಕೊನೇ ದಿನ ಎರಡು ಬೆರಳ ತುದಿ ಹೋಯ್ತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೋಪಿ ಮಾಡ್ಕೊಂಡು, ಮೇಲೆ ಚರ್ಮ ಅಂಟಿಸಿ ನುಡಿಸಿದ್ರು. ಅವರ ಎದುರು ಹೋಗಿ "ತುದಿ ತೆಗೆದು ಬನ್ನಿ ಸಾರ್" ಅನ್ನೋಕಾಗುತ್ತಾ?

ಅಷ್ಟು ದೂರ ಯಾಕೆ, ನಮ್ಮ ಮನೇಲೇ ನೋಡಿ. ಅಕ್ಕ ವೀಣೆ ಕಲೀತಿದ್ದಳು. ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಇರ್ತಿತ್ತು. ತಂತಿ ಮೇಲೆ ಜಾರೋಕೆ ಬೆರಳಿಗೆ ಸವರಿಕೊಳ್ತಿದ್ದಳು. ಸಿತಾರ್ ನುಡಿಸೋರು ಮಿಜ್ರಾಬ್ ಅಂತ ತಂತಿಯ ಉಂಗುರ ಹಾಕ್ತಾರೆ. ಬೆರಳಿಗೂ ತಂತಿಗೂ ನಡುವೆ ಏನಾದ್ರೂ ಇಟ್ಕೊಳ್ಳೋದು ಹೊಸದಲ್ಲ. ಎಣ್ಣೆ, ಉಂಗುರಕ್ಕೆ ಸಂಪ್ರದಾಯದ ಮುದ್ರೆ ಬಿದ್ದಿದೆ, ನನ್ನ ಹತ್ತಿ ಬಟ್ಟೆಗೆ ಬಿದ್ದಿಲ್ಲ, ಅಷ್ಟೇ ವ್ಯತ್ಯಾಸ.

ಗ್ಲೌಸಿಂದ ಏನೂ ಕಳ್ಕೊಳ್ಳಲ್ಲ ಅಂದ್ರೆ ಸುಳ್ಳಾಗುತ್ತೆ. ಸ್ಪರ್ಶ ಮಂದ ಆಗುತ್ತೆ. ಬೇಡದ ತಂತಿ ಸದ್ದು ಮಾಡದ ಹಾಗೆ ಬೆರಳ ಹೊಟ್ಟೆಯಲ್ಲಿ ಹಗುರಾಗಿ ಮುಟ್ಟಿರಬೇಕಲ್ಲ, ಅದು ಮೊದಲೆರಡು ತಿಂಗಳು ನಂಗೆ ಬರಲೇ ಇಲ್ಲ. ಮೀಟೋ ಬಲಗೈಗೂ ಹಾಕಿದ್ರೆ ಸ್ವರದ ಅಂಚು ಮೆತ್ತಗಾಗುತ್ತೆ. ಸ್ಲ್ಯಾಪ್ ಮಾಡುವಾಗ ತಂತಿ ಎಳೆದು ಬಿಡೋದಂತೂ ತೊಡಕೇ. ಅದಕ್ಕೇ ಈಗ ಬಲಗೈ ಬರಿಗೈ, ಹಾಡು ಹಾಡಿನ ನಡುವೆ ಟವೆಲ್ಲು. ಆದ್ರೆ ಮೆತ್ತಗಿನ ಸ್ವರ ಅಂದ್ರೆ ಕೀಳು ಅಂತ ಯಾರು ಹೇಳಿದ್ದು? ಮೋಟೌನಿನ ಜೇಮ್ಸ್ ಜೇಮರ್ಸನ್ ನುಡಿಸ್ತಿದ್ದದ್ದು ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ, ಅದೂ ಹಳೇದು, ಅದೂ ಒಂದೇ ಬೆರಳಲ್ಲಿ. ಅರವತ್ತರ ದಶಕದ ಆ ಹಾಡುಗಳನ್ನ ಕೇಳಿ, ಆಮೇಲೆ ಮಾತಾಡೋಣ.

ಗ್ಲೌಸ್ ಹುಡುಕಾಟದ್ದೇ ಒಂದು ಪುರಾಣ. ಬೈಕಿನದು ದಪ್ಪ. ರಬ್ಬರಿಂದು ಒಳಗೇ ಕೆರೆ. ಉಣ್ಣೆಯದು ತಂತಿಗೆ ಸಿಕ್ಕಿ ಎಳೆ ಬಿಡುತ್ತೆ. ಕೊನೆಗೆ ಸರಿಹೋಗಿದ್ದು ತೆಳು ಹತ್ತಿಯದು, ಚರ್ಮದ ಕಾಯಿಲೆ ಇರೋರು ಮುಲಾಮಿನ ಮೇಲೆ ಹಾಕ್ಕೊಳ್ಳೋದು, ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಒಂದು ಸೈಜು ಚಿಕ್ಕದೇ ತಗೊಳ್ಳಿ, ತುದಿಯಲ್ಲಿ ಬಟ್ಟೆ ಮಿಕ್ಕಬಾರದು. ಹೊಲಿಗೆ ಬೆರಳ ಹೊಟ್ಟೆಗೆ ಬರಬಾರದು. ಹೆಬ್ಬೆರಳಿಂದು ನಾನು ಕತ್ತರಿಸಿ ಹಾಕಿದ್ದೀನಿ, ಕುತ್ತಿಗೆಯ ಹಿಂದೆ ಹಿಡಿತ ಸಿಗಲಿ ಅಂತ. ಎರಡು ಗಂಟೆಗೆ ಎರಡು ಬೇಕಾಗುತ್ತೆ, ಒದ್ದೆ ಆಗುತ್ತಲ್ಲ. ತಂತಿ ಸೆಟ್ಟು ಈಗ ಆರು ತಿಂಗಳು ಬರ್ತಿದೆ.

ಬೇಸ್ ಈಗಷ್ಟೇ ಹಿಡಿದು ಬೆರಳು ನೋವು ಅನ್ನೋರು ಮೊದಲೇ ಗ್ಲೌಸಿಗೆ ಓಡಬೇಡಿ ಮಾರಾಯ್ರೆ. ತಂತಿ ಫ್ರೆಟ್ಟಿಂದ ತೀರಾ ಎತ್ತರ ಇದೆಯಾ ನೋಡಿಸಿ, ಸೆಟಪ್ ಮಾಡಿಸಿದ್ರೆ ಅರ್ಧ ನೋವು ಅಲ್ಲೇ ಹೋಗುತ್ತೆ. ಒತ್ತೋದನ್ನ ಫ್ರೆಟ್ಟಿನ ಹತ್ತಿರಕ್ಕೆ ಒತ್ತಿ, ಕಮ್ಮಿ ಬಲ ಸಾಕು. ನಿಕ್ಕಲ್ ತಾಗಿ ಕಡಿತ, ಗುಳ್ಳೆ ಬರೋರಿಗೆ ನೈಲಾನ್ ಸುತ್ತಿದ ತಂತಿ ಇದೆ. ಕೈ ಜೋಮು ಹಿಡಿಯೋದು, ಮಣಿಕಟ್ಟು ನೋಯೋದು ಆದ್ರೆ ಅದು ಬಟ್ಟೆಯಿಂದ ಹೋಗಲ್ಲ, ಡಾಕ್ಟರ ಹತ್ರ ಹೋಗಿ. ನೋವು ತಡ್ಕೊಂಡು ನುಡಿಸೋದನ್ನ ಸಾಧನೆ ಅಂತ ಮಾತ್ರ ಕರೀಬೇಡಿ. ಸಾಧನೆ ಅಂದ್ರೆ ದಿನಾ ಕೂರೋದು. ಆ ಎಂಟು ತಿಂಗಳು ನಾನು ಕೂರಲಿಲ್ಲ. ಗ್ಲೌಸ್ ಹಾಕ್ಕೊಂಡ ಮೇಲೆ ಎರಡು ವರ್ಷದಿಂದ ಕೂರ್ತಾ ಇದ್ದೀನಿ. ಈ ಲೆಕ್ಕ ಆ ಹಿರಿಯರಿಗೆ ಅಲ್ಲೇ ಹೇಳಬೇಕಿತ್ತು. ಹಲ್ಲು ಕಿರಿದು ಬಂದೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಅಂದ ಹಾಗೆ, ಅಮ್ಮ ಬಂದಿದ್ದಾಳೆ. ನಿನ್ನೆ ನನ್ನ ಗ್ಲೌಸುಗಳನ್ನ ಒಗೆದು ಟೆರೇಸಿನ ಮೇಲೆ ಸಾಲಾಗಿ ಒಣಹಾಕಿದ್ದಳು, ಎಲ್ಲಾ ಬಿಳೀದು, ಎಲ್ಲಾ ಎಡಗೈದು. ಎದುರುಮನೆ ಆಂಟಿ ನೋಡಿ "ಏನ್ರೀ, ಮಗ ಬ್ಯಾಂಡ್‌ಸೆಟ್ಟಿಗೆ ಸೇರ್ಕೊಂಡ್ನಾ?" ಅಂತ ಕೇಳಿದ್ರಂತೆ. ಅಮ್ಮ ಒಂದು ಕ್ಷಣ ಯೋಚಿಸಿ "ಹೂಂ ಕಣ್ರೀ" ಅಂದಿದ್ದಾಳೆ.