ಅರ್ಧ ಗಂಟೆಯ ಡಾಕ್ಟರು ಯಾರ ಡಾಕ್ಟರು?

ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಕೆಲವು ಸಾಮಾನ್ಯ ವೈದ್ಯರು ಟೋಕನ್ ಹಂಚುವುದನ್ನು ಬಿಟ್ಟಿದ್ದಾರೆ. ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಹೋದರೆ ಇಪ್ಪತ್ತು ನಿಮಿಷ, ಬೇಕಾದರೆ ಅರ್ಧ ಗಂಟೆ ಕೂತು ಮಾತಾಡುತ್ತಾರೆ. ಮುಂದಿನ ಸಲ ಹೋದಾಗ ಹೆಸರು, ಮನೆಮಂದಿ, ಹಳೆಯ ಕಾಯಿಲೆ ಎಲ್ಲ ಅವರಿಗೆ ನೆನಪಿರುತ್ತದೆ. ಫೀ ಮಾತ್ರ ಪಕ್ಕದ ಬೀದಿಯ ಕ್ಲಿನಿಕ್‌ಗಿಂತ ಹಲವು ಪಟ್ಟು. ಇಂಥ ಪ್ರಾಕ್ಟೀಸ್ ಬೆಳೆಯಬೇಕೇ? ಸ್ವಂತ ಕ್ಲಿನಿಕ್ ನಡೆಸುವ ವೈದ್ಯರೊಬ್ಬರು ಹೌದೆನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂರುವ ಇನ್ನೊಬ್ಬರು ಬೇಡವೆನ್ನುತ್ತಾರೆ.

ಪರ: ಅವಸರವೇ ದುಬಾರಿ

ನಮ್ಮ ಕ್ಲಿನಿಕ್‌ಗಳ ಸಂಜೆ ಹೊತ್ತನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಡಾಕ್ಟರ ಎದುರಿನ ಸ್ಟೂಲಿನಲ್ಲಿ ಒಬ್ಬರು, ಪಕ್ಕದ ಬೆಂಚಿನಲ್ಲಿ ಸರದಿ ಕಾಯುವ ಮೂವರು, ಬಾಗಿಲಲ್ಲಿ ಬ್ಯಾಗು ಹಿಡಿದ ಮೆಡಿಕಲ್ ರೆಪ್. ಸ್ಟೂಲಿನಲ್ಲಿರುವವರು ಹೇಳುವುದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಡಾಕ್ಟರೊಬ್ಬರನ್ನು ಬಿಟ್ಟು.

ಇದು ಉತ್ಪ್ರೇಕ್ಷೆಯೆಂದು ಅನ್ನಿಸಿದರೆ 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆ ಪ್ರಕಟಿಸಿದ ಅಧ್ಯಯನ ನೋಡಿ. ಸ್ವೀಡನ್ನಿನಲ್ಲಿ ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಕೊಡುವ ಹೊತ್ತು ಸರಾಸರಿ 22.5 ನಿಮಿಷ. ಭಾರತದಲ್ಲಿ ಸುಮಾರು 2 ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಅಂದರೆ ನಮಗಿಂತ ಕೆಳಗೂ ಒಬ್ಬರಿದ್ದಾರೆಂಬ ಸಮಾಧಾನ ಮಾತ್ರ ನಮ್ಮದು. ಬಿ.ಪಿ. ನೋಡುವ ಮುನ್ನ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು ಎಂಬುದು ನಾವೆಲ್ಲ ಓದಿದ ಪಾಠ. ಎರಡು ನಿಮಿಷದಲ್ಲಿ ಅದೊಂದೂ ಆಗದು. ಆಗುವುದೇನಿದ್ದರೂ ಚೀಟಿ: ಒಂದು ಆಂಟಿಬಯಾಟಿಕ್, ಒಂದು ಗ್ಯಾಸ್ಟ್ರಿಕ್ ಮಾತ್ರೆ, ಒಂದು ವಿಟಮಿನ್. ಅನುಮಾನ ಉಳಿದರೆ ರಕ್ತಪರೀಕ್ಷೆ, ಸ್ಕ್ಯಾನಿಂಗ್. ಕೇಳಿ ತಿಳಿದುಕೊಳ್ಳಬಹುದಾಗಿದ್ದನ್ನು ಯಂತ್ರದಿಂದ ಹೇಳಿಸುವ ಈ ಪದ್ಧತಿಯ ಖರ್ಚನ್ನು ರೋಗಿಯೇ ಭರಿಸುತ್ತಾನೆ.

ಕೇಳುತ್ತಾ ಕೂತರೆ ರೋಗಿಗಳು ಕೊನೆಮೊದಲಿಲ್ಲದೆ ಮಾತಾಡುತ್ತಾರೆಯೇ? ಅದು ವೈದ್ಯರ ಭಯ, ಅಷ್ಟೆ. 2002ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ ವೈದ್ಯರು ನಡುವೆ ಬಾಯಿ ಹಾಕದೆ ಕೂತರು. 335 ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವಾಗಿಯೇ ಮಾತು ಮುಗಿಸಿದರು. ಅದಕ್ಕೂ ಮೊದಲು, 1984ರಲ್ಲಿ, ಅಮೆರಿಕದ ವೈದ್ಯರು ರೋಗಿಯ ಮಾತನ್ನು ಸರಾಸರಿ 18 ಸೆಕೆಂಡಿಗೇ ತುಂಡರಿಸುತ್ತಿದ್ದರೆಂದು ದಾಖಲಾಗಿತ್ತು. ಕೇಳುವುದಕ್ಕೆ ಬೇಕಾದ್ದು ಒಂದೂವರೆ ನಿಮಿಷ. ಉಳಿದ ಹೊತ್ತು ಮೈಮುಟ್ಟಿ ಪರೀಕ್ಷೆ ಮಾಡಲು, ಮಾತ್ರೆಯನ್ನು ಯಾಕೆ ನಿಲ್ಲಿಸಬಾರದು ಎಂದು ತಿಳಿಹೇಳಲು. ಶುಗರ್ ಮಾತ್ರೆಯನ್ನು ‘ಈಗ ಚೆನ್ನಾಗಿದ್ದೀನಲ್ಲ’ ಎಂದು ಬಿಟ್ಟುಬಿಡುವವರ ಸಂಖ್ಯೆ ಗೊತ್ತಿದ್ದವರು ಈ ಹೊತ್ತನ್ನು ಹರಟೆ ಎನ್ನಲಾರರು.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ಅತ್ತೆಯೋ ಗಂಡನೋ ಜೊತೆಗಿದ್ದಾಗ ‘ಸುಸ್ತು ಡಾಕ್ಟ್ರೇ’ ಎಂಬಷ್ಟಕ್ಕೇ ಮಾತು ಮುಗಿಯುತ್ತದೆ. ಜೊತೆಗೆ ಬಂದವರನ್ನು ‘ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮ’ ಎಂದು ಕಳಿಸಿ, ಬಾಗಿಲು ಹಾಕಿ, ಸುಮ್ಮನಿದ್ದರೆ ಆ ಸುಸ್ತಿನ ಹಿಂದೆ ಮೂರು ತಿಂಗಳ ನಿದ್ದೆಗೇಡು, ನಿಲ್ಲದ ಮುಟ್ಟು, ಕೆಲವೊಮ್ಮೆ ಏಟು ಕೂಡ ಹೊರಬರುತ್ತದೆ. ಬೆಂಚಿನ ಮೇಲೆ ಮೂವರನ್ನು ಕೂರಿಸಿಕೊಂಡ ಡಾಕ್ಟರಿಗೆ ಇದು ಎಂದೂ ತಿಳಿಯುವುದಿಲ್ಲ. ಅವರು ಬರೆಯುವುದು ಕಬ್ಬಿಣದ ಮಾತ್ರೆ.

ಒಬ್ಬರೇ ವೈದ್ಯರು ವರ್ಷಗಟ್ಟಲೆ ನೋಡಿದರೆ ಆಗುವ ಲಾಭವೂ ಬರಿಯ ನಂಬಿಕೆಯ ಮಾತಲ್ಲ. ನಾರ್ವೆಯ ಸುಮಾರು 45 ಲಕ್ಷ ಜನರ ದಾಖಲೆ ನೋಡಿದ ಸಂಶೋಧಕರು, ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರಲ್ಲಿ, ಹೊಸದಾಗಿ ವೈದ್ಯರನ್ನು ಬದಲಿಸಿದವರಿಗೆ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆ ಸೇರುವುದು ಶೇ 28ರಷ್ಟೂ ಸಾವು ಶೇ 25ರಷ್ಟೂ ಕಡಿಮೆ ಎಂದು ಕಂಡರು. ಇಂಥ ಫಲಿತಾಂಶ ಕೊಡುವ ಮಾತ್ರೆಯೊಂದಿದ್ದರೆ ಅದನ್ನು ಬರೆಯದ ಡಾಕ್ಟರು ಇರುತ್ತಿರಲಿಲ್ಲ.

ಇನ್ನು ದುಡ್ಡು. ತಲೆನೋವು ಬಂದವರು ತಾವೇ ಊಹಿಸಿ ನ್ಯೂರಾಲಜಿಸ್ಟ್ ಬಳಿ, ಎದೆಯುರಿಯವರು ಹೃದ್ರೋಗ ತಜ್ಞರ ಬಳಿ ಹೋಗುವ ಊರುಗಳಿವು. ಅಲ್ಲಿ ಫೀ, ಎಂಆರ್‌ಐ, ಟ್ರೆಡ್‌ಮಿಲ್ ಎಂದು ಸಾವಿರಗಳು ಕರಗುತ್ತವೆ. ಸಾಮಾನ್ಯ ವೈದ್ಯರಿಗೆ ಒಂದು ಸಾವಿರ ಕೊಟ್ಟು ‘ಇದಕ್ಕೆ ಸ್ಕ್ಯಾನ್ ಬೇಡ, ಎರಡು ವಾರ ನೋಡೋಣ’ ಎಂಬ ಮಾತು ಕೊಂಡವರು ಲಾಭದಲ್ಲೇ ಇರುತ್ತಾರೆ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ತರಬೇತಾದ ನಕಲಿ ರೋಗಿಗಳನ್ನು ಕಳಿಸಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಸರ್ಕಾರಿ ಕುರ್ಚಿಯಲ್ಲಿದ್ದಾಗಿನದಕ್ಕಿಂತ ತನ್ನ ಸ್ವಂತ ಕ್ಲಿನಿಕ್ಕಿನಲ್ಲಿ ಅದೇ ವೈದ್ಯ ಹೆಚ್ಚು ಪ್ರಶ್ನೆ ಕೇಳಿದ, ಸರಿಯಾದ ಚಿಕಿತ್ಸೆ ಕೊಟ್ಟದ್ದೂ ಹೆಚ್ಚು. ರೋಗಿ ಮತ್ತೆ ಬರಬೇಕೆಂಬ ಆಸೆ ಇದ್ದಾಗ ಕೆಲಸ ನೆಟ್ಟಗಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನಿದೆ?

ಎಲ್ಲರಿಗೂ ಈ ಫೀ ಎಟಕುವುದಿಲ್ಲ, ಒಪ್ಪಿದೆ. ಆದರೆ ಎಲ್ಲರಿಗೂ ಸಿಗದ್ದು ಯಾರಿಗೂ ಬೇಡ ಎಂದರೆ ಎಂಬಿಬಿಎಸ್ ಮುಗಿಸಿದ ಹುಡುಗ ಹುಡುಗಿಯರೆಲ್ಲ ಸ್ಪೆಷಾಲಿಟಿಯ ಪಿ.ಜಿ. ಸೀಟಿನ ಹಿಂದೆಯೇ ಓಡುತ್ತಾರೆ. ಸಾಮಾನ್ಯ ವೈದ್ಯರಾಗಿಯೂ ಮರ್ಯಾದೆಯಿಂದ ಬದುಕಬಹುದು ಎಂದು ತೋರಿಸುವ ಕ್ಲಿನಿಕ್‌ಗಳು ನಮಗೆ ಬೇಕಾಗಿವೆ.

ವಿರೋಧ: ಉಳಿದ 51 ಮಂದಿ ಎಲ್ಲಿ ಹೋದರು?

ಮೊದಲು ಲೆಕ್ಕ. ಸಂಜೆ ಮೂರು ಗಂಟೆ ಹೊತ್ತು ಕೂರುವ ವೈದ್ಯರು ತಲಾ ಮೂರು ನಿಮಿಷ ಕೊಟ್ಟರೆ 60 ಮಂದಿಯನ್ನು ನೋಡುತ್ತಾರೆ. ಫೀ 200 ರೂಪಾಯಿ ಎಂದಿಟ್ಟುಕೊಂಡರೆ 12,000. ತಲಾ ಇಪ್ಪತ್ತು ನಿಮಿಷ ಕೊಟ್ಟರೆ 9 ಮಂದಿ. ಅಷ್ಟೇ ಸಂಪಾದನೆಗೆ ಒಬ್ಬೊಬ್ಬರೂ 1,300ಕ್ಕೂ ಹೆಚ್ಚು ಕೊಡಬೇಕು. ಆ ಒಂಬತ್ತು ಜನರ ಅನುಭವ ಸೊಗಸಾಗಿರುತ್ತದೆ, ಅನುಮಾನವಿಲ್ಲ. ಉಳಿದ 51 ಮಂದಿ ಎಲ್ಲಿ ಹೋದರು? ಕೆಲವರು ಮೆಡಿಕಲ್ ಸ್ಟೋರಿನ ಹುಡುಗನ ಹತ್ತಿರ ‘ಜ್ವರಕ್ಕೆ ಎರಡು ಮಾತ್ರೆ ಕೊಡಪ್ಪ’ ಎಂದರು. ಉಳಿದವರು ನನ್ನ ಕ್ಯೂನಲ್ಲಿದ್ದಾರೆ.

ಕ್ಯೂ ಬೆಳೆದಷ್ಟೂ ನನ್ನ ಎರಡು ನಿಮಿಷ ಒಂದೂವರೆಯಾಗುತ್ತದೆ. ಅಂದರೆ ಅರ್ಧ ಗಂಟೆಯ ಡಾಕ್ಟರ ಸಾವಧಾನಕ್ಕೆ ಬೇಕಾದ ಹೊತ್ತು ಆಕಾಶದಿಂದ ಉದುರಿದ್ದಲ್ಲ.

ಅಮೆರಿಕ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. ಬಾಸ್ಕೆಟ್‌ಬಾಲ್ ತಂಡವೊಂದರ ವೈದ್ಯರಾಗಿದ್ದ ಹೋವರ್ಡ್ ಮ್ಯಾರನ್ 1996ರಲ್ಲಿ ಸಿಯಾಟಲ್‌ನಲ್ಲಿ, ವರ್ಷದ ಚಂದಾ ಕಟ್ಟಿದ ಕೆಲವೇ ಕುಟುಂಬಗಳಿಗೆ ಮೀಸಲಾದ ಪ್ರಾಕ್ಟೀಸ್ ಶುರುಮಾಡಿದರು. ಆಮೇಲೆ ಬಂದ ಎಂಡಿವಿಐಪಿ ಎಂಬ ಸಂಸ್ಥೆ ಒಬ್ಬ ವೈದ್ಯರಿಗೆ ಸುಮಾರು 600 ರೋಗಿಗಳ ಮಿತಿ ಹಾಕಿತು. ಎರಡು ಸಾವಿರ ಜನರನ್ನು ನೋಡುತ್ತಿದ್ದವರು ಈ ಪದ್ಧತಿಗೆ ಹೊರಳಿದರೆ, ಚಂದಾ ಕಟ್ಟಲಾಗದವರೆಲ್ಲ ಬೇರೆ ಡಾಕ್ಟರನ್ನು ಹುಡುಕಿಕೊಳ್ಳಬೇಕು. ಇಪ್ಪತ್ತು ವರ್ಷದ ಪರಿಚಯವಾದರೂ ಅಷ್ಟೆ.

ಮೇಲಿನ ವಾದದಲ್ಲಿ ಬಂದ ನಾರ್ವೆಯ ಸಾಕ್ಷಿ ನಿಜಕ್ಕೂ ನನ್ನ ಕಡೆಯದು. ಅಲ್ಲಿ 2001ರಿಂದ ನಾಗರಿಕರ ಹೆಸರು ಒಬ್ಬೊಬ್ಬ ಸಾಮಾನ್ಯ ವೈದ್ಯರ ಪಟ್ಟಿಯಲ್ಲಿರುತ್ತದೆ. ಆ ವೈದ್ಯರಲ್ಲಿ ಹೆಚ್ಚಿನವರು ಸ್ವಂತ ಕ್ಲಿನಿಕ್‌ನವರೇ. ಆದರೆ ಖರ್ಚಿನ ಬಹುಪಾಲು ಸರ್ಕಾರದ್ದು, ರೋಗಿ ಕೊಡುವುದು ಅಲ್ಪ. ಮೀನುಗಾರನಿಗೂ ಮಂತ್ರಿಗೂ ಅದೇ ಪದ್ಧತಿ. ಹದಿನೈದು ವರ್ಷದ ಪರಿಚಯ ಜೀವ ಉಳಿಸುತ್ತದೆ ಎನ್ನುವುದಕ್ಕೆ ಆ ಅಧ್ಯಯನ ಆಧಾರ. ಆ ಪರಿಚಯವನ್ನು ಸಾವಿರ ರೂಪಾಯಿಗೆ ಮಾರಬೇಕು ಎನ್ನುವುದಕ್ಕೆ ಅಲ್ಲ. ಮಧ್ಯಪ್ರದೇಶದ ಅಧ್ಯಯನವನ್ನೂ ಪೂರ್ತಿ ಓದಬೇಕು: ಬೇಡದ ಔಷಧ ಬರೆಯುವ ಚಾಳಿ ಸರ್ಕಾರಿ, ಖಾಸಗಿ ಎರಡೂ ಕಡೆ ಧಾರಾಳವಾಗಿತ್ತು.

ಈ ಅಧ್ಯಯನಗಳಿಗಿಂತ ನನಗೆ ಹತ್ತಿರದವರು ಜೂಲಿಯನ್ ಟ್ಯೂಡರ್ ಹಾರ್ಟ್. ವೇಲ್ಸ್‌ನ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲು ಹಳ್ಳಿಯಲ್ಲಿ ದಶಕಗಳ ಕಾಲ ಇದ್ದ ಸಾಮಾನ್ಯ ವೈದ್ಯ. ವೈದ್ಯಕೀಯ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಹಿಡಿತ ಹೆಚ್ಚಿದಷ್ಟೂ ಹೀಗಾಗುವುದು ಹೆಚ್ಚು ಎಂದು ಅವರು 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಬರೆದು ಸುಮ್ಮನಾಗಲಿಲ್ಲ. ತಮ್ಮ ಪಟ್ಟಿಯಲ್ಲಿದ್ದ ವಯಸ್ಕರೆಲ್ಲರ ಬಿ.ಪಿ. ನೋಡಿದರು. ಬಾರದವರನ್ನು ಹುಡುಕಿಕೊಂಡು ಹೋದರು. ಗಣಿ ಕಾರ್ಮಿಕರನ್ನು ಅವರು ಅರಿತಿದ್ದಷ್ಟು ನಿಕಟವಾಗಿ ಯಾವ ಚಂದಾ ಕ್ಲಿನಿಕ್ಕೂ ತನ್ನ ಸದಸ್ಯರನ್ನು ಅರಿಯದು. ರೋಗಿಗಳಿಂದ ಅವರು ಫೀ ತೆಗೆದುಕೊಳ್ಳುತ್ತಿರಲಿಲ್ಲ, ಹಣ ಬರುತ್ತಿದ್ದುದು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯಿಂದ.

ನಮ್ಮಲ್ಲಿ ಮಂಡ್ಯದ ಡಾ. ಶಂಕರೇಗೌಡರನ್ನು ಜನ ಐದು ರೂಪಾಯಿ ಡಾಕ್ಟರ್ ಎಂದೇ ಕರೆಯುತ್ತಾರೆ. ಅವರ ಸರದಿಯಲ್ಲಿ ನಿಂತವರಿಗೆ ಅರ್ಧ ಗಂಟೆ ಸಿಗುವುದಿಲ್ಲ, ಬಯಸುವುದೂ ಇಲ್ಲ. ಕೈಗುಣ ಚೆನ್ನಾಗಿದೆ ಎಂಬ ನಂಬಿಕೆ, ಜೇಬಿಗೆ ಹೊರೆಯಾಗದ ಫೀ, ಇವೆರಡಕ್ಕಾಗಿ ಬರುತ್ತಾರೆ. ಅವಸರದ ಡಾಕ್ಟರೆಲ್ಲ ದುರಾಸೆಯವರು ಎಂಬಂತೆ ಮಾತಾಡುವವರು ಆ ಸಾಲನ್ನೊಮ್ಮೆ ನೋಡಲಿ.

ವೈಯಕ್ತಿಕ ಆತ್ಮೀಯತೆಯ ಬಗ್ಗೆ ಇನ್ನೊಂದು ಅಹಿತಕರ ಮಾತು. ಮ್ಯಾಂಚೆಸ್ಟರ್ ಬಳಿಯ ಹೈಡ್‌ನಲ್ಲಿ ಒಂಟಿಯಾಗಿ ಪ್ರಾಕ್ಟೀಸ್ ನಡೆಸುತ್ತಿದ್ದ ಹೆರಾಲ್ಡ್ ಶಿಪ್‌ಮನ್ ಮನೆಗೇ ಬಂದು ನೋಡುವ, ಹಳೆಯ ಕಾಲದ ಒಳ್ಳೆಯ ಡಾಕ್ಟರೆಂದು ಹೆಸರಾಗಿದ್ದ. ಅವನು ಕನಿಷ್ಠ 215 ರೋಗಿಗಳನ್ನು ಕೊಂದಿದ್ದನೆಂದು ವಿಚಾರಣಾ ಆಯೋಗ 2002ರಲ್ಲಿ ಹೇಳಿತು. ಅವನು ಅಪವಾದ, ನಮ್ಮವರನ್ನು ಅವನ ಸಾಲಿಗೆ ಸೇರಿಸುತ್ತಿಲ್ಲ. ಆದರೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ವೈದ್ಯ, ಅವರನ್ನೇ ನಂಬುವ ರೋಗಿ ಇದ್ದಾಗ ತಪ್ಪನ್ನು ಹಿಡಿಯುವವರು ಯಾರು? ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಶುಲ್ಕದ ಪಟ್ಟಿ ಹಾಕಿ ಎನ್ನುತ್ತದೆ. ರೋಗಿಯನ್ನು ಏನು ಕೇಳಿದಿರಿ, ಏನು ಬರೆದಿರಿ ಎಂದು ಸಹವೈದ್ಯರು ನೋಡುವ ವ್ಯವಸ್ಥೆ ಈ ಕ್ಲಿನಿಕ್‌ಗಳಲ್ಲಿಲ್ಲ. ಹಳೆಯ ಪರಿಚಯದ ಡಾಕ್ಟರು ‘ಇವರದು ಯಾವಾಗಲೂ ಗ್ಯಾಸ್ಟ್ರಿಕ್ಕೇ’ ಎಂದುಕೊಂಡು ಹೃದಯಾಘಾತವನ್ನು ಗುರುತಿಸದೆ ಬಿಡುವುದೂ ಉಂಟು.

ಆಯುಷ್ಮಾನ್ ಭಾರತ್ ಕಾರ್ಡಿನಲ್ಲಿ ಐದು ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಹೊರರೋಗಿಯಾಗಿ ಡಾಕ್ಟರ ಮುಂದೆ ಕೂತದ್ದಕ್ಕೆ ಸಿಗುವುದಿಲ್ಲ. ಖಾಸಗಿ ಕ್ಲಿನಿಕ್‌ನಲ್ಲಿ ಬಿ.ಪಿ. ನೋಡಿಸಲು ಕೈಯಿಂದ ಕೊಡಬೇಕು, ಪಾರ್ಶ್ವವಾಯು ಹೊಡೆದರೆ ಸರ್ಕಾರ ಕೊಡುತ್ತದೆ. ಸಾಮಾನ್ಯ ವೈದ್ಯರ ಹೊತ್ತಿಗೆ ಬೆಲೆ ಬರಬೇಕೆಂದು ಹೋರಾಡುವುದಾದರೆ ಹೋರಾಟ ಇಲ್ಲಿ ನಡೆಯಲಿ. ಕೇರಳ 2017ರಲ್ಲಿ ಆರ್ದ್ರಂ ಹೆಸರಿನಲ್ಲಿ ಪ್ರಾಥಮಿಕ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಮಾಡಲು ಹೊರಟು, ವೈದ್ಯರನ್ನೂ ನರ್ಸ್‌ಗಳನ್ನೂ ಹೆಚ್ಚಿಸಿ, ಹೊರರೋಗಿ ವಿಭಾಗವನ್ನು ಸಂಜೆಯವರೆಗೆ ತೆರೆದಿಟ್ಟಿತು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳು ಬಂದವು, ಸಂತೋಷ. ಆದರೆ ಹಗಲು ಹೊತ್ತಿನಲ್ಲಿ ಮಾತ್ರ ತೆರೆದಿರುವ ಕಡೆ ದಿನಗೂಲಿಯವರು ಕೂಲಿ ಬಿಟ್ಟು ಹೋಗುವಂತಿಲ್ಲ, ಅದೇ ತೊಡಕು.

ನನ್ನ ಕೋಣೆಯ ಹೊರಗೆ ಬಿ.ಪಿ., ಶುಗರ್ ನೋಡಿ ಪುಸ್ತಕದಲ್ಲಿ ಬರೆದು ಒಳಗೆ ಕಳಿಸಲು ಇಬ್ಬರು ನರ್ಸ್‌ಗಳನ್ನು ಕೊಡಲಿ. ಹಳೆಯ ಶುಗರ್ ರೋಗಿ ತಿಂಗಳ ಮಾತ್ರೆಗಾಗಿ ನನ್ನ ಮುಂದೆ ಬರುವ ಅಗತ್ಯವೇ ಇರದು. ಉಳಿದ ಹೊತ್ತಿನಲ್ಲಿ ‘ಸುಸ್ತು’ ಎಂದವಳ ಜೊತೆಗೆ ಬಂದವರನ್ನು ಹೊರಗೆ ಕೂರಿಸುವುದು ನನಗೂ ಗೊತ್ತಿದೆ. ಅಷ್ಟಾದ ಮೇಲೆ ಅರ್ಧ ಗಂಟೆಯವರು ಎಷ್ಟು ಫೀ ತೆಗೆದುಕೊಂಡರೂ ನನ್ನ ತಕರಾರಿಲ್ಲ.